ಹಳೆಯ ಸಿನಿಮಾವನ್ನು ಹೊಸ ಪೀಳಿಗೆಗೆ ತೋರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ದೂರು ಯಾವಾಗಲೂ ಒಂದೇ: "ಅಷ್ಟು ಒಳ್ಳೆಯ ಸಿನಿಮಾ ಹಾಕಿದೆ, ಹತ್ತು ನಿಮಿಷಕ್ಕೆ ಎದ್ದು ಹೋದರು." ಹೇಳುವವರು ತಂದೆತಾಯಿ ಇರಬಹುದು, ಶಿಕ್ಷಕರಿರಬಹುದು, ಉತ್ಸಾಹಿ ಚಿಕ್ಕಪ್ಪನಿರಬಹುದು. ತಪ್ಪು ಹೊರಿಸುವುದು ಮಾತ್ರ ಮಗುವಿನ ಮೇಲೆ, ಇಲ್ಲವಾದರೆ ಮೊಬೈಲಿನ ಮೇಲೆ. ಯಾವ ಚಿತ್ರ, ಎಷ್ಟು ಹೊತ್ತಿನದು, ಹೇಗೆ ಹಾಕಿದಿರಿ ಎಂದು ಬಿಡಿಸಿ ಕೇಳುತ್ತಾ ಹೋದರೆ ಎಡವಿದ ಜಾಗ ಬೇರೆಯೇ ಆಗಿರುತ್ತದೆ.

ನಾನೂ ಹಾಗೆಯೇ ಎಡವಿದವನು. ಅಕ್ಕನ ಮಗನಿಗೆ ಆಗ ಹನ್ನೊಂದು ವರ್ಷ, ಕತ್ತಿವರಸೆ ಎಂದರೆ ಪ್ರಾಣ. ಅಷ್ಟು ಸಾಕೆಂದುಕೊಂಡು ಜಪಾನಿನ ನಿರ್ದೇಶಕ ಕುರೊಸಾವಾನ 'ಸೆವೆನ್ ಸಮುರಾಯ್' ಹಾಕಿದೆ. 1954ರ ಆ ಚಿತ್ರದ ಅವಧಿ 207 ನಿಮಿಷ. ನಲವತ್ತು ನಿಮಿಷ ಕಳೆದರೂ ಊರನ್ನು ಕಾಯುವ ಯೋಧರ, ಅಂದರೆ ಸಮುರಾಯ್‌ಗಳ ಹುಡುಕಾಟ ಮುಗಿದಿರಲಿಲ್ಲ. "ಮಾವ, ಯುದ್ಧ ಯಾವಾಗ?" ಎಂದು ಕೇಳಿದ. "ತಾಳು, ಬರುತ್ತದೆ" ಎಂದೆ. ಎರಡನೆಯ ಸಲವೂ ಕೇಳಿದ, ನಾನೂ ಅದೇ ಉತ್ತರ ಕೊಟ್ಟೆ. ಮೂರನೆಯ ಸಲ ಕೇಳಲಿಲ್ಲ. ತಿರುಗಿ ನೋಡಿದರೆ ದಿಂಬಿಗೆ ಮುಖವಿಟ್ಟು ನಿದ್ದೆ ಹೋಗಿದ್ದ.

ಕೆಳಗಿನ ಹಂತಗಳು ಇಂಥ ಸೋಲುಗಳನ್ನು ಎಣಿಸಿ ಜೋಡಿಸಿದವು. ಅನುಕ್ರಮವನ್ನು ಬದಲಿಸಬೇಡಿ. ಹೆಚ್ಚಿನವರು ಮೊದಲ ಐದು ಹಂತಗಳನ್ನು ಹಾರಿ ನೇರವಾಗಿ ಆರನೆಯದರಿಂದ, ಅಂದರೆ ಮಗುವನ್ನು ಕರೆಯುವುದರಿಂದ, ಶುರು ಮಾಡುತ್ತಾರೆ.

ಬೇಕಾಗುವ ಸಾಮಾನು

ಟಿವಿ ಅಥವಾ ಪ್ರೊಜೆಕ್ಟರ್ ಬೇಕು. ಮೊಬೈಲ್ ಪರದೆ ಸಾಲದು. ಹಳೆಯ ಚಿತ್ರಗಳಲ್ಲಿ ತಮಾಷೆ ಎಷ್ಟೋ ಸಲ ಪರದೆಯ ಒಂದು ಮೂಲೆಯಲ್ಲಿ ನಡೆಯುತ್ತದೆ. ಬೆಳಕನ್ನು ತಗ್ಗಿಸಲು ಬರುವ ಕೋಣೆ, ಟಿವಿಯದೇ ರಿಮೋಟ್, ಒಂದು ಸಣ್ಣ ಟಿಪ್ಪಣಿ ಪುಸ್ತಕ ಇರಲಿ. ಇವೆಲ್ಲಕ್ಕಿಂತ ಮೊದಲು, ಮಗುವನ್ನು ಕೂರಿಸುವ ಮುನ್ನ ನೀವು ಒಬ್ಬರೇ ಕಳೆಯಬೇಕಾದ ಎರಡು ಗಂಟೆ. ಅದಕ್ಕೆ ಪುರುಸೊತ್ತಿಲ್ಲವಾದರೆ ಕಾರ್ಯಕ್ರಮವನ್ನೇ ಮುಂದೂಡಿ.

ಹಂತ 1: ಚಿತ್ರವನ್ನಲ್ಲ, ಮೊದಲು ಮಗುವನ್ನು ನೋಡಿ

ಎರಡು ವಾರ ಸುಮ್ಮನೆ ಗಮನಿಸಿ. ಮಗು ಯಾವುದನ್ನು ಒಮ್ಮೆ ನೋಡಿ ಬಿಡುತ್ತದೆ, ಯಾವುದನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಎರಡನೆಯದೇ ನಿಮಗೆ ಬೇಕಾದದ್ದು. ಅದರಲ್ಲಿಯೂ ಹಿಡಿಸಿದ್ದು ಏನು? ಬೀಳುವುದು ಏಳುವುದೇ, ಒಗಟು ಬಿಡಿಸುವುದೇ, ದೈತ್ಯ ಪ್ರಾಣಿಯೇ, ಕುಣಿತವೇ, ವಾದವೇ?

ನನ್ನ ತಪ್ಪು ಇಲ್ಲಿಯೇ ಇತ್ತು. ಹುಡುಗನಿಗೆ ಕತ್ತಿ ಇಷ್ಟವೆಂದು ಬಗೆದೆ. ಆಮೇಲೆ ಸರಿಯಾಗಿ ನೋಡಿದಾಗ ಅವನು ತಿರುಗಿ ತಿರುಗಿ ಹಾಕಿಕೊಳ್ಳುತ್ತಿದ್ದ ವಿಡಿಯೋಗಳೆಲ್ಲ ಯಾರೋ ಏನನ್ನೋ ಕಟ್ಟುವುದು, ಅದು ಕುಸಿಯುವುದು. ಅವನ ಪಾಲಿನ ಚಿತ್ರ ಬೇರೆಯದೇ ಇತ್ತು.

ಸ್ಥೂಲ ಹೊಂದಾಣಿಕೆ ಹೀಗೆ: ಬೀಳುವ ಏಳುವ ಸಾಹಸಕ್ಕೆ ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್. ದೈತ್ಯ ಪ್ರಾಣಿಗೆ 1933ರ 'ಕಿಂಗ್ ಕಾಂಗ್'. ಪತ್ತೇದಾರಿಗೆ ಹಿಚ್‌ಕಾಕ್‌ನ 'ರಿಯರ್ ವಿಂಡೋ' (1954). ಕುಣಿತಕ್ಕೆ 'ಸಿಂಗಿಂಗ್ ಇನ್ ದ ರೇನ್' (1952). ಮಾತಿಗೆ ಮಾತು ಕೊಡುವ ಹದಿಹರೆಯದವರಿಗೆ 'ಟ್ವೆಲ್ವ್ ಆ್ಯಂಗ್ರಿ ಮೆನ್' (1957).

ಹಂತ 2: ನಿಮಿಷ ಎಣಿಸಿ ಆಯ್ಕೆ ಮಾಡಿ

ಮೊದಲ ಚಿತ್ರ ಶ್ರೇಷ್ಠವಾಗಿರಬೇಕಿಲ್ಲ, ಚಿಕ್ಕದಾಗಿರಬೇಕು. ನನ್ನ ಅನುಭವದ ಅಳತೆ ಇದು: ಎಂಟು ವರ್ಷದೊಳಗಿನವರಿಗೆ ಹದಿನೈದು ನಿಮಿಷ, ಹನ್ನೆರಡರೊಳಗಿನವರಿಗೆ ಅರ್ಧ ಗಂಟೆ, ಅದಕ್ಕಿಂತ ದೊಡ್ಡವರಿಗೂ ಮೊದಲ ಸಲ ಒಂದು ಗಂಟೆ ದಾಟಬಾರದು. ಹದಿನೈದರ ಹುಡುಗಿ ಮೂರು ಗಂಟೆಯ ಹೊಸ ಚಿತ್ರ ನೋಡುತ್ತಾಳಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆ ಚಿತ್ರದ ಲಯ ಅವಳಿಗೆ ಮೊದಲೇ ಗೊತ್ತು, ಇದರದು ಗೊತ್ತಿಲ್ಲ.

ಚಿಕ್ಕವುಗಳಿಗೆ ಬರವಿಲ್ಲ. ಲೂಮಿಯೇರ್ ಸೋದರರ ರೈಲು ನಿಲ್ದಾಣದ ತುಣುಕು ಒಂದು ನಿಮಿಷವೂ ಇಲ್ಲ. ಮೆಲಿಯೇಸ್‌ನ 'ಎ ಟ್ರಿಪ್ ಟು ದ ಮೂನ್' (1902) ಕಾಲು ಗಂಟೆಯ ಆಸುಪಾಸಿನದು. ಕೀಟನ್‌ನ 'ಒನ್ ವೀಕ್' (1920) ಇಪ್ಪತ್ತು ನಿಮಿಷ ಚಿಲ್ಲರೆ. ಲಾಮೊರಿಸ್‌ನ 'ದ ರೆಡ್ ಬಲೂನ್' (1956) ಅರ್ಧ ಗಂಟೆಗೆ ತುಸು ಹೆಚ್ಚು. ಬಣ್ಣದ್ದು, ಮಾತು ತೀರ ಕಡಿಮೆ. ಕೀಟನ್‌ನದೇ 'ಷರ್ಲಾಕ್ ಜೂನಿಯರ್' (1924) ಮುಕ್ಕಾಲು ಗಂಟೆ.

ಮೊದಲ ಸರದಿಗೆ ಬೇಡದವು: 'ಸಿಟಿಜನ್ ಕೇನ್', 'ಟೋಕಿಯೊ ಸ್ಟೋರಿ', 'ಪಥೇರ್ ಪಾಂಚಾಲಿ'. ಮೂರೂ ನನಗೆ ಪ್ರಾಣ. ಅದಕ್ಕೇ ಬೇಡ ಎನ್ನುತ್ತಿದ್ದೇನೆ. ಮಗು ಆಕಳಿಸಿದರೆ ನಿಮಗೆ ನೋವಾಗುವಂಥ ಚಿತ್ರವನ್ನು ಮೊದಲು ಹಾಕಬಾರದು. ಆ ನೋವು ನಿಮ್ಮ ಮುಖದಲ್ಲಿ ಕಾಣುತ್ತದೆ, ಮುಂದಿನ ಸಲ ಮಗು ಕರೆದರೂ ಬರುವುದಿಲ್ಲ.

ಹಂತ 3: ಒಳ್ಳೆಯ ಪ್ರತಿ ಹುಡುಕಿ

ಇದನ್ನು ಹಾರಿಸುವವರೇ ಹೆಚ್ಚು. ಹಕ್ಕುಸ್ವಾಮ್ಯ ಮುಗಿದ ಹಳೆಯ ಚಿತ್ರಗಳಿಗೆ ಇಂಟರ್‌ನೆಟ್ಟಿನಲ್ಲಿ ಹತ್ತಾರು ಪ್ರತಿಗಳು ಸಿಗುತ್ತವೆ. ಒಂದು ಮೂಲ ಫಿಲ್ಮಿನಿಂದ ಎಚ್ಚರಿಕೆಯಿಂದ ತೆಗೆದದ್ದು, ಇನ್ನೊಂದು ಪ್ರತಿಯ ಪ್ರತಿಯ ಪ್ರತಿ. ಎರಡಕ್ಕೂ ಹೆಸರು ಒಂದೇ. ಹುಡುಕಾಟದಲ್ಲಿ ಮೊದಲು ಬಂದದ್ದನ್ನು ಒತ್ತಿದರೆ ಮಗುವಿಗೆ ಕಾಣುವುದು ಬೂದು ಮಂಜು.

ಪ್ರತಿಯನ್ನು ಮೂರು ಕಡೆ ಪರೀಕ್ಷಿಸಿ: ಮೊದಲ ಎರಡು ನಿಮಿಷ, ನಟ್ಟನಡುವೆ, ಒಂದು ರಾತ್ರಿಯ ದೃಶ್ಯ. ಎಚ್ಚರಿಕೆಯ ಗುರುತುಗಳು ಇವು:

ಬಿಳಿ ಅಂಗಿ, ಆಕಾಶ, ಮುಖ ಎಲ್ಲವೂ ಒಂದೇ ಸುಣ್ಣದ ಬಿಳುಪಾಗಿದ್ದರೆ ವಿವರ ಅಳಿದಿದೆ. ನಿಂತವರ ತಲೆಯ ಮೇಲ್ಭಾಗ ಕತ್ತರಿಸಿದಂತಿದ್ದರೆ ಯಾರೋ ಚೌಕ ಚಿತ್ರವನ್ನು ಅಗಲ ಪರದೆಗೆ ಹೊಂದಿಸಲು ಮೇಲೆ ಕೆಳಗೆ ಕೊಯ್ದಿದ್ದಾರೆ. ಪರದೆಯ ಮೂಲೆಯಲ್ಲಿ ದೊಡ್ಡ ಮುದ್ರೆ ಕುಳಿತಿದ್ದರೆ ಬೇರೆ ಪ್ರತಿ ನೋಡಿ.

ಜನ ಕೀಲಿ ಕೊಟ್ಟ ಬೊಂಬೆಗಳಂತೆ ದಡದಡನೆ ಓಡಾಡುತ್ತಿದ್ದರೆ ವೇಗ ತಪ್ಪಿದೆ. ಮೂಕಿ ಚಿತ್ರಗಳ ಕ್ಯಾಮೆರಾವನ್ನು ಕೈಯಿಂದ ಹಿಡಿಕೆ ತಿರುಗಿಸಿ ಓಡಿಸುತ್ತಿದ್ದರು. ಸೆಕೆಂಡಿಗೆ ಹದಿನಾರು ಚೌಕಟ್ಟಿನಿಂದ (ಚೌಕಟ್ಟು ಎಂದರೆ ಫಿಲ್ಮಿನ ಒಂದು ಬಿಡಿ ಚಿತ್ರ) ಇಪ್ಪತ್ತನಾಲ್ಕರವರೆಗೆ, ಚಿತ್ರದಿಂದ ಚಿತ್ರಕ್ಕೆ ವೇಗ ಬದಲಾಗುತ್ತಿತ್ತು. ಧ್ವನಿ ಬಂದ ಮೇಲೆ 24 ಖಾಯಂ ಆಯಿತು. ಹದಿನೆಂಟರಲ್ಲಿ ತೆಗೆದದ್ದನ್ನು ಇಪ್ಪತ್ತನಾಲ್ಕರಲ್ಲಿ ಓಡಿಸಿದರೆ ಅಳುವ ತಾಯಿಯೂ ನಗೆಪಾಟಲಾಗುತ್ತಾಳೆ. ಹಾಸ್ಯ ಚಿತ್ರಗಳಲ್ಲಿ ಬೇಕೆಂದೇ ವೇಗ ಹೆಚ್ಚಿಸಿದ ಕಡೆಗಳೂ ಇವೆ. ಆದ್ದರಿಂದ ಪರೀಕ್ಷೆಗೆ ಓಟದ ದೃಶ್ಯ ಬೇಡ. ಯಾರಾದರೂ ಸುಮ್ಮನೆ ನಡೆದು ಬರುವ, ಕುರ್ಚಿ ಎಳೆದು ಕೂರುವ ದೃಶ್ಯ ನೋಡಿ.

ಮೂಕಿಯಾದರೆ ಸಂಗೀತವನ್ನೂ ಕೇಳಿ. ಒಂದೇ ಪಿಯಾನೊ ತುಣುಕು ಸುತ್ತಿ ಸುತ್ತಿ ಬರುತ್ತಿದ್ದು, ತೆರೆಯ ಮೇಲೆ ಮನೆ ಕುಸಿದರೂ ಅದಕ್ಕೆ ಗೊತ್ತಾಗದಿದ್ದರೆ ಆ ಪ್ರತಿ ಬೇಡ. ಅವಧಿಯನ್ನೂ ಹೋಲಿಸಿ. ಚಾಪ್ಲಿನ್‌ನ 'ದ ಕಿಡ್' 1921ರಲ್ಲಿ ಒಂದು ಗಂಟೆಗಿಂತ ಉದ್ದವಿತ್ತು. ದಶಕಗಳ ಬಳಿಕ ಅವನೇ ಕೆಲವು ದೃಶ್ಯ ಕಿತ್ತು, ತಾನೇ ರಚಿಸಿದ ಸಂಗೀತ ಸೇರಿಸಿ ಸುಮಾರು 53 ನಿಮಿಷಕ್ಕೆ ಇಳಿಸಿದ. ಮಕ್ಕಳಿಗೆ ಚಿಕ್ಕದೇ ಸರಿ.

ಕಪ್ಪು-ಬಿಳುಪಿಗೆ ಬಣ್ಣ ಹಚ್ಚಿದ ಪ್ರತಿಯ ಆಸೆ ಹಲವರಿಗೆ. ಬೇಡವೆಂದೇ ಹೇಳುತ್ತೇನೆ. ಬೆಳಕು ನೆರಳಿಗಾಗಿ ಕಟ್ಟಿದ ಚಿತ್ರಕ್ಕೆ ಬಣ್ಣ ಬಳಿದರೆ ಎಲ್ಲರಿಗೂ ಕಾಮಾಲೆ ಬಂದಂತೆ ಕಾಣುತ್ತದೆ. ಬಣ್ಣವಿಲ್ಲದೆ ನೋಡುವುದೇ ಇಲ್ಲ ಎನ್ನುವ ಮಗುವಿಗೆ 'ದ ವಿಜರ್ಡ್ ಆಫ್ ಆಜ್' (1939) ಹಾಕಿ. ಅದು ಕಂದು ಛಾಯೆಯಲ್ಲಿ ಶುರುವಾಗಿ, ಹುಡುಗಿ ಬಾಗಿಲು ತೆರೆದೊಡನೆ ಬಣ್ಣಕ್ಕೆ ಹೊರಳುತ್ತದೆ.

ಹಂತ 4: ಟಿವಿಯನ್ನು ಹದಗೊಳಿಸಿ

ಇಂದಿನ ಟಿವಿಗಳ ಪರದೆಯ ಅಗಲ ಎತ್ತರ ಹದಿನಾರಕ್ಕೆ ಒಂಬತ್ತು. ಹಳೆಯ ಚಿತ್ರಗಳು ಬಹುಮಟ್ಟಿಗೆ ನಾಲ್ಕಕ್ಕೆ ಮೂರರ ಹತ್ತಿರದವು. ಎಡಬಲಕ್ಕೆ ಕಪ್ಪು ಪಟ್ಟಿ ಇರುವುದೇ ಸರಿ. ಪರದೆ ತುಂಬಲಿ ಎಂದು ಹಿಗ್ಗಿಸಿದರೆ ಎಲ್ಲರೂ ಕುಳ್ಳಗೆ ದಪ್ಪಗೆ ಆಗುತ್ತಾರೆ.

ಪರೀಕ್ಷಿಸಲು ಒಂದು ದುಂಡನೆಯ ವಸ್ತು ಹುಡುಕಿ. ಮೆಲಿಯೇಸ್‌ನ ಚಿತ್ರದಲ್ಲಿ ಅದು ತಾನಾಗಿಯೇ ಬರುತ್ತದೆ: ಚಂದ್ರನಿಗೊಂದು ಮುಖ, ಆ ಮುಖದ ಕಣ್ಣಿಗೇ ಬಂದು ನಾಟುವ ನೌಕೆ. ಅಲ್ಲಿ ನಿಲ್ಲಿಸಿ ನೋಡಿ. ಚಂದ್ರ ಮಲಗಿಸಿದ ಮೊಟ್ಟೆಯಂತಿದ್ದರೆ ಟಿವಿಯ ಚಿತ್ರದ ಅಳತೆಯನ್ನು ಮೂಲಕ್ಕೆ ತನ್ನಿ.

ಎರಡನೆಯ ಕೆಲಸ, ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ಆಫ್ ಮಾಡುವುದು. ಒಂದೊಂದು ತಯಾರಕರು ಇದಕ್ಕೆ ಒಂದೊಂದು ಹೆಸರಿಡುತ್ತಾರೆ. ಹೆಸರಿನಲ್ಲಿ ಹೆಚ್ಚಾಗಿ ಚಲನೆ ಅಥವಾ ನುಣುಪು ಎಂಬ ಅರ್ಥದ ಪದ ಇರುತ್ತದೆ. ಟಿವಿ ತಾನೇ ನಡುವೆ ಚೌಕಟ್ಟುಗಳನ್ನು ಸೃಷ್ಟಿಸಿ ತುರುಕುವ ಏರ್ಪಾಡು ಇದು. ಹಳೆಯ ಚಿತ್ರ ಇದರಿಂದ ಧಾರಾವಾಹಿಯಂತೆ ಕಾಣುತ್ತದೆ, ಬೇಗನೆ ಬೀಸಿದ ಕೈಯ ಸುತ್ತ ಎಣ್ಣೆ ಹರಡಿದಂತೆ ಅಂಚು ಕಲಕುತ್ತದೆ. ಇದರ ಜೊತೆಗೆ, ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಇಡುವ ಅತಿ ಪ್ರಕಾಶದ ಹೊಂದಿಕೆಯನ್ನು ಸಿನಿಮಾದ ಹೊಂದಿಕೆಗೆ ಬದಲಿಸಿ.

ಧ್ವನಿಯನ್ನು ದಿನನಿತ್ಯಕ್ಕಿಂತ ಸ್ವಲ್ಪ ಏರಿಸಿ. ಹಳೆಯ ಟಾಕಿಗಳ ಮಾತು ತೆಳುವಾಗಿರುತ್ತದೆ. ಕಿವಿಗೊಟ್ಟು ಕೇಳಬೇಕಾಗಿ ಬಂದರೆ ಮಗು ಬೇಗ ದಣಿಯುತ್ತದೆ.

ಹಂತ 5: ನೀವು ಮೊದಲು ಪೂರ್ತಿ ನೋಡಿ

"ನನಗೆ ಗೊತ್ತಿರುವ ಚಿತ್ರವೇ" ಎನ್ನಬೇಡಿ. ಇಪ್ಪತ್ತು ವರ್ಷದ ಹಿಂದೆ ನೋಡಿದ ಚಿತ್ರ ನಿಮ್ಮ ತಲೆಯಲ್ಲಿ ಈಗ ಬೇರೆ ಚಿತ್ರವಾಗಿರುತ್ತದೆ. ಆ ವಾರವೇ ಮತ್ತೆ ನೋಡಿ, ಮೂರು ಬಗೆಯ ಜಾಗಗಳನ್ನು ಗುರುತು ಹಾಕಿಕೊಳ್ಳಿ.

ಒಂದು, ಹೆದರಿಸುವ ಅಥವಾ ಅಳಿಸುವ ಜಾಗ. 'ದ ರೆಡ್ ಬಲೂನ್'ನಲ್ಲಿ ಹುಡುಗರ ಗುಂಪು ಬಲೂನನ್ನು ಹೊಡೆದು ಒಡೆಯುತ್ತದೆ. ಅದು ಕೂಡಲೇ ಠಪ್ಪೆನ್ನುವುದಿಲ್ಲ. ಮೈ ಸುಕ್ಕುತ್ತಾ ನಿಧಾನವಾಗಿ ಕುಗ್ಗುತ್ತದೆ. ಆರು ವರ್ಷದ ಮಗು ಇಲ್ಲಿ ಅಳಬಹುದು. ಊರಿನ ಬಲೂನುಗಳೆಲ್ಲ ಹಾರಿ ಬರುವುದು ಅದರ ಬೆನ್ನಿಗೇ ಇದೆ ಎಂದು ನಿಮಗೆ ಗೊತ್ತಿದ್ದರೆ ಗಾಬರಿಯಾಗಿ ಚಿತ್ರ ನಿಲ್ಲಿಸುವುದಿಲ್ಲ.

ಎರಡು, ಇಂದು ಒಪ್ಪಲಾಗದ ಜಾಗ: ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಳ್ಳುವುದು, ಹೆಂಗಸಿಗೆ ಹೊಡೆದದ್ದನ್ನು ನಗೆಯಾಗಿಸುವುದು. ಕೀಟನ್‌ನ 'ದ ಜನರಲ್' (1926) ಅಪ್ಪಟ ರೈಲು ಸಾಹಸ, ಆದರೆ ನಾಯಕ ಇರುವುದು ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಪಕ್ಷದಲ್ಲಿ. ಇದನ್ನು ಮುಚ್ಚಿಡಬೇಡಿ, ಮೊದಲೇ ಪ್ರವಚನವನ್ನೂ ಮಾಡಬೇಡಿ. ಚಿತ್ರ ಮುಗಿದ ಮೇಲೆ ಎರಡು ನೇರ ವಾಕ್ಯ ಸಾಕು. ಮಗುವೇ ನಡುವೆ ಕೇಳಿದರೆ ಮಾತ್ರ ನಿಲ್ಲಿಸಿ ಆಗಲೇ ಹೇಳಿ.

ಮೂರು, ಮಗು ನಗುವ ಜಾಗ. 'ಒನ್ ವೀಕ್'ನಲ್ಲಿ ಹೆಂಡತಿ ತೊಟ್ಟಿಯಲ್ಲಿ ಸ್ನಾನ ಮಾಡುತ್ತಿರುವಾಗ ಸೋಪು ಕೈಜಾರಿ ಹೊರಗೆ ಬೀಳುತ್ತದೆ. ಎತ್ತಿಕೊಳ್ಳಲು ಅವಳು ಬಾಗಬೇಕು. ಆಗ ಎಲ್ಲಿಂದಲೋ ಒಂದು ಅಂಗೈ ಬಂದು ಕ್ಯಾಮೆರಾವನ್ನೇ ಮುಚ್ಚುತ್ತದೆ! ನೂರು ವರ್ಷ ದಾಟಿದ ಈ ಚೇಷ್ಟೆಗೆ ನಗದ ಮಗುವನ್ನು ನಾನು ಕಂಡಿಲ್ಲ. ಇಂಥ ಒಂದು ಜಾಗ ಮೊದಲ ಹತ್ತು ನಿಮಿಷದೊಳಗೆ ಇದೆಯೇ ನೋಡಿ. ಇಲ್ಲವಾದರೆ ಚಿತ್ರ ಎರಡನೆಯ ಸರದಿಗೆ ಇರಲಿ.

ಹಂತ 6: ಒಂದೇ ವಾಕ್ಯದಲ್ಲಿ ಕರೆಯಿರಿ

ಹೇಳಬಾರದ ಮಾತುಗಳು: "ಇದು ಜಗತ್ತಿನ ಶ್ರೇಷ್ಠ ಚಿತ್ರ." "ನಮ್ಮ ಕಾಲದಲ್ಲಿ ಹೀಗಿತ್ತು." "ಈಗಿನವು ಏನು ಸಿನಿಮಾ ಬಿಡು." ಕೊನೆಯದಂತೂ ಮಗುವಿನ ಮೆಚ್ಚಿನದನ್ನು ಹೀಯಾಳಿಸಿ ಶುರು ಮಾಡಿದಂತೆ. ಅಷ್ಟಾದ ಮೇಲೆ ನಿಮ್ಮ ಚಿತ್ರ ಅದಕ್ಕೆ ಹಿಡಿಸಿದರೂ ಒಪ್ಪಿಕೊಳ್ಳುವುದಿಲ್ಲ.

ಹೇಳಬೇಕಾದದ್ದು ಕಥೆಯ ಗಂಟು ಮಾತ್ರ. "ಗಂಡ ಹೆಂಡತಿ ಪೆಟ್ಟಿಗೆಗಳಲ್ಲಿ ಬಂದ ಮನೆಯನ್ನು ತಾವೇ ಜೋಡಿಸಬೇಕು, ಪೆಟ್ಟಿಗೆಗಳ ಮೇಲಿನ ಸಂಖ್ಯೆಯನ್ನು ಯಾರೋ ಬದಲಿಸಿಬಿಟ್ಟಿದ್ದಾರೆ." "ಕಾಲು ಮುರಿದು ಕೂತವನಿಗೆ ಕಿಟಕಿಯಿಂದ ಎದುರು ಮನೆಯಲ್ಲಿ ಕೊಲೆ ನಡೆದಿದೆ ಎಂಬ ಅನುಮಾನ." ಇಸವಿ ಹೇಳಬೇಡಿ, ಕೇಳಿದರೆ ಹೇಳಿ. ಲೂಮಿಯೇರ್ ರೈಲಿನ ತುಣುಕು ಹಾಕುವವರು, ಅಂದು ಪ್ರೇಕ್ಷಕರು ಹೆದರಿ ಓಡಿದರೆಂಬ ಕಥೆಯನ್ನೂ ಬಿಡಿ. ಅದಕ್ಕೆ ಗಟ್ಟಿ ಆಧಾರವಿಲ್ಲ, ಅಲ್ಲದೆ ಹಿಂದಿನವರು ದಡ್ಡರಾಗಿದ್ದರು ಎಂದು ಮಗು ತಿಳಿಯುತ್ತದೆ.

ಎರಡು ಚಿತ್ರ ಮುಂದಿಟ್ಟು ಆಯ್ಕೆಯನ್ನು ಮಗುವಿಗೆ ಬಿಡಿ. ಎರಡನ್ನೂ ಆರಿಸಿದ್ದು ನೀವೇ ಎಂಬುದು ನಿಮ್ಮಲ್ಲಿಯೇ ಇರಲಿ.

ಹಂತ 7: ನೋಡುವಾಗ

ನಿಮ್ಮ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಮಗುವಿನದನ್ನು ಕಸಿದು ನಿಮ್ಮದನ್ನು ಮಡಿಲಲ್ಲಿ ಇಟ್ಟುಕೊಂಡರೆ ಇದು ಶಿಕ್ಷೆಯಾಗುತ್ತದೆ.

ವಿವರಣೆ ಬೇಡ. "ಈಗ ನೋಡು, ಈಗ ನೋಡು" ಎನ್ನುವವರು ನಗೆಯನ್ನು ತಾವೇ ಕೊಲ್ಲುತ್ತಾರೆ. ಮಗುವಿನ ಮುಖ ನೋಡುತ್ತಾ ಕೂರುವುದೂ ಅಷ್ಟೇ ಕೆಟ್ಟದ್ದು. ತಾನು ನಗಬೇಕೆಂದು ಯಾರೋ ಕಾಯುತ್ತಿದ್ದಾರೆ ಎಂದು ಗೊತ್ತಾದರೆ ನಗು ಬರುವುದಿಲ್ಲ. ಮೂಕಿಯ ನಡುವೆ ಬರುವ ಬರಹದ ಫಲಕಗಳನ್ನು ಓದು ಬಾರದವರಿಗೆ ಓದಿ ಹೇಳಿ, ಮೆಲುದನಿಯಲ್ಲಿ, ನಟನೆ ಸೇರಿಸದೆ.

ಚಡಪಡಿಕೆಯೆಲ್ಲ ಬೇಸರವಲ್ಲ. ಕಾಲು ಆಡಿಸುವುದು, ಮಗ್ಗುಲು ಬದಲಿಸುವುದು, "ಅವನೇಕೆ ಹಾಗೆ ಮಾಡಿದ?" ಎನ್ನುವುದು ಒಳ್ಳೆಯ ಲಕ್ಷಣ. ಚಿತ್ರಕ್ಕೆ ಸಂಬಂಧವಿಲ್ಲದ ಪ್ರಶ್ನೆ, ಮತ್ತೆ ಮತ್ತೆ ನೀರಿಗೆ ಏಳುವುದು, "ಇನ್ನೆಷ್ಟು ಹೊತ್ತು" ಎಂದು ಎರಡು ಸಲ ಕೇಳುವುದು, ಇವು ಅಪಾಯದ ಗುರುತುಗಳು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ದೃಶ್ಯ ಮುಗಿಯುವವರೆಗೆ ಮಾತ್ರ ತಡೆದು ನಿಲ್ಲಿಸಿ. "ಇವತ್ತಿಗೆ ಇಷ್ಟು ಸಾಕು" ಎನ್ನಿ, ನಿಟ್ಟುಸಿರು ಬಿಡಬೇಡಿ. ಅರ್ಧದಲ್ಲಿ ನಿಲ್ಲಿಸಿದ ಚಿತ್ರಕ್ಕೆ ಮಗು ತಾನೇ ಮರಳಿ ಬಂದದ್ದುಂಟು. ಬಲವಂತದಿಂದ ಮುಗಿಸಿದ್ದಕ್ಕೆ ಬಂದದ್ದು ನನಗೆ ಗೊತ್ತಿಲ್ಲ.

ಹಂತ 8: ಮುಗಿದ ಮೇಲೆ

"ಹೇಗಿತ್ತು? ಏನು ಕಲಿತೆ?" ಎಂದು ಪರೀಕ್ಷೆ ತೆಗೆದುಕೊಳ್ಳಬೇಡಿ. ಹತ್ತು ನಿಮಿಷ ಸುಮ್ಮನಿರಿ. ಮಗುವೇ ಒಂದು ದೃಶ್ಯ ಎತ್ತಿದರೆ ಆ ದೃಶ್ಯವನ್ನು ಮತ್ತೆ ಹಾಕಿ. ಇದು ಹೇಗೆ ಮಾಡಿದರು ಎಂಬ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿಯೇ ಹುಟ್ಟುತ್ತದೆ.

ಅಕ್ಕನ ಮಗ ಹಿಡಿದದ್ದು ಬೀಳುವ ಗೋಡೆಯನ್ನು. 'ಒನ್ ವೀಕ್'ನಲ್ಲಿ ಗೋಡೆ ಕೀಟನ್‌ನ ಮೇಲೆ ಬೀಳುತ್ತದೆ, ಕಿಟಕಿಯ ಕಂಡಿ ಅವನನ್ನು ಉಳಿಸುತ್ತದೆ. ಎಂಟು ವರ್ಷದ ಬಳಿಕ, 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಅದನ್ನೇ ಇಡೀ ಮನೆಯ ಮುಂಭಾಗ ಇಟ್ಟು ಮತ್ತೆ ಮಾಡಿದ. ಎರಡನ್ನೂ ಒಂದರ ಹಿಂದೊಂದು ಹಾಕಿ ತೋರಿಸಿದೆ. ಹುಡುಗ ಒಂದು ರಟ್ಟಿನ ಡಬ್ಬಿ ತಂದ. ಒಂದು ಮಗ್ಗುಲಲ್ಲಿ ಕಿಟಕಿ ಕೊಯ್ದು ಬೊಂಬೆಯೊಂದನ್ನು ಮುಂದೆ ನಿಲ್ಲಿಸಿ ರಟ್ಟನ್ನು ಬೀಳಿಸಿದ. ಬೊಂಬೆಯ ತಲೆಗೇ ಬಡಿಯಿತು. ಆಮೇಲೆ ಸ್ಕೇಲ್ ತಂದು, ರಟ್ಟಿನ ಬುಡದಿಂದ ಕಿಟಕಿಗಿರುವ ಎತ್ತರದಷ್ಟೇ ದೂರದಲ್ಲಿ ಬೊಂಬೆ ನಿಲ್ಲಬೇಕೆಂದು ತಾನೇ ಕಂಡುಕೊಂಡ. ಆರನೆಯ ಸಲ ಬೊಂಬೆ ಉಳಿಯಿತು. ಇಷ್ಟಕ್ಕೂ ಮೊಬೈಲಿನಲ್ಲಿ ಚಿತ್ರೀಕರಣ ನಡೆದಿತ್ತು. ಅವತ್ತು ಮೊಬೈಲ್ ನನ್ನ ಪಕ್ಷದಲ್ಲಿತ್ತು.

ಹಂತ 9: ಮೆಟ್ಟಿಲು ಹತ್ತಿಸುವ ಬಗೆ

ಎರಡು ಮೂರು ವಾರಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಒಂದು ಚಿತ್ರದಿಂದ ಮುಂದಿನದಕ್ಕೆ ಹೋಗುವಾಗ ಒಂದೇ ಒಂದು ಕಷ್ಟವನ್ನು ಹೆಚ್ಚಿಸಿ: ಉದ್ದ ಇಲ್ಲವೇ ಮಾತು, ಪರಭಾಷೆ ಇಲ್ಲವೇ ನಿಧಾನ ಗತಿ. ಎರಡನ್ನು ಒಟ್ಟಿಗೆ ಏರಿಸಿದಾಗಲೇ ಬೀಳುವುದು.

ಚಿಕ್ಕ ಮೂಕಿಯಿಂದ ಉದ್ದದ ಮೂಕಿಗೆ ಹೋಗಿ: 'ದ ಕಿಡ್', ಬಳಿಕ 'ಮಾಡರ್ನ್ ಟೈಮ್ಸ್' (1936). ಅಲ್ಲಿಂದ ಟಾಕಿಗೆ. ಮೂಕಿ ನೋಡಿದವರಿಗೆ 'ಸಿಂಗಿಂಗ್ ಇನ್ ದ ರೇನ್' ಇಲ್ಲಿ ಚೆನ್ನಾಗಿ ಕೂರುತ್ತದೆ. ಚಿತ್ರಕ್ಕೆ ಮಾತು ಬಂದ ಹೊಸತರಲ್ಲಿ ಮೈಕನ್ನು ಗಿಡದೊಳಗೆ ಬಚ್ಚಿಟ್ಟು, ನಟಿ ಆ ಕಡೆ ಈ ಕಡೆ ತಲೆ ತಿರುಗಿಸಿದಾಗಲೆಲ್ಲ ಮಾತು ಮಾಯವಾಗುವ ಪ್ರಸಂಗ ಅದರಲ್ಲಿದೆ. ಹದಿಮೂರು ದಾಟಿದವರಿಗೆ 'ಟ್ವೆಲ್ವ್ ಆ್ಯಂಗ್ರಿ ಮೆನ್' ಬೇಗನೆ ಕೊಡಬಹುದು: 96 ನಿಮಿಷ, ಬಹುಪಾಲು ಒಂದೇ ಕೋಣೆ, ಹನ್ನೊಂದು ಮಂದಿಯ ಎದುರು ಒಬ್ಬ.

ಪರಭಾಷೆಗೆ ಮೊದಲ ಮೆಟ್ಟಿಲಾಗಿ ಡಿ ಸಿಕಾನ 'ಬೈಸಿಕಲ್ ಥೀವ್ಸ್' (1948). ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಕಳೆದುಹೋದ ಸೈಕಲ್ ಹುಡುಕುವುದಷ್ಟೇ ಕಥೆ, ತಂದೆಯ ಜೊತೆ ಊರೆಲ್ಲ ಅಲೆಯುವ ಪುಟ್ಟ ಬ್ರೂನೋ ಇದ್ದಾನೆ. ಸಬ್‌ಟೈಟಲ್ ಓದುವ ವೇಗ ಮಗುವಿಗಿದೆಯೇ ಎಂದು ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಅಕ್ಷರದ ಗಾತ್ರ ದೊಡ್ಡದು ಮಾಡಿ. 'ಪಥೇರ್ ಪಾಂಚಾಲಿ' ಇದಾದ ಮೇಲೆ, ಅವಸರವಿಲ್ಲದೆ.

ಹದಿಹರೆಯದವರಿಗೆ ಇನ್ನೊಂದು ದಾರಿಯಿದೆ. ಅವರ ಮೆಚ್ಚಿನ ಹೊಸ ಚಿತ್ರದ ಬೇರು ಹುಡುಕಿ. 'ಸ್ಟಾರ್ ವಾರ್ಸ್' ಇಷ್ಟಪಡುವವನಿಗೆ ಕುರೊಸಾವಾನ 'ದ ಹಿಡನ್ ಫೋರ್ಟ್ರೆಸ್' (1958) ಹೆಸರು ಹೇಳಿ. ಅದರ ಪ್ರಭಾವವನ್ನು 'ಸ್ಟಾರ್ ವಾರ್ಸ್'ನ ನಿರ್ದೇಶಕ ಜಾರ್ಜ್ ಲೂಕಾಸ್ ತಾನೇ ಒಪ್ಪಿದ್ದಾನೆ. "ಕದ್ದದ್ದು ಎಲ್ಲಿ, ಹೇಳು ನೋಡೋಣ" ಎಂದರೆ ಹದಿನೈದರವರು ಪಟ್ಟು ಬಿಡದೆ ನೋಡುತ್ತಾರೆ.

ಹಂತ 10: ಸೋತರೆ

ಒಂದು ತಿಂಗಳು ಆ ಮಾತೇ ಎತ್ತಬೇಡಿ. ಬಳಿಕ ಅದೇ ಚಿತ್ರಕ್ಕೆ ಮರಳದೆ ಬೇರೆ ಜಾತಿಯದನ್ನು, ಇನ್ನೂ ಚಿಕ್ಕದನ್ನು ತನ್ನಿ. ಸತತ ಮೂರು ಸಲ ಸೋತರೆ ತೊಂದರೆ ಒಂದನೆಯ ಹಂತದಲ್ಲಿದೆ ಎಂದುಕೊಳ್ಳಿ, ಟಿಪ್ಪಣಿ ಪುಸ್ತಕ ತೆರೆಯಿರಿ.

ಗೆದ್ದಾಗ ಮಾಡುವ ತಪ್ಪು ಬೇರೆಯದು. ಒಂದು ಹಿಡಿಸಿತೆಂದು ಮರುದಿನವೇ ನಾಲ್ಕು ಹೊಸತನ್ನು ಸಾಲಾಗಿ ನಿಲ್ಲಿಸುತ್ತೇವೆ. ಮಗು ಮೊದಲಿನದನ್ನೇ ಮತ್ತೆ ಕೇಳಿದರೆ ಅದನ್ನೇ ಹಾಕಿ, ಐದನೆಯ ಸಲವಾದರೂ. ನಮ್ಮ ಹುಡುಗ 'ಒನ್ ವೀಕ್' ಎಷ್ಟು ಸಲ ನೋಡಿದ್ದಾನೋ ಲೆಕ್ಕ ಬಿಟ್ಟಿದ್ದೇನೆ. ಸಮುರಾಯ್‌ಗಳ ಮಾತನ್ನು ನಾನಿನ್ನೂ ಎತ್ತಿಲ್ಲ. ಎತ್ತುವ ದಿನ ಬಂದರೆ ಎರಡು ಸಂಜೆಗೆ ಹಂಚಿ ತೋರಿಸುತ್ತೇನೆ. ಆ ಚಿತ್ರದ ನಡುವೆ ವಿರಾಮವನ್ನು ಕುರೊಸಾವಾನೇ ಇಟ್ಟಿದ್ದಾನೆ.